ಚಿಂದಿ ಎಂಬ ಹೆಸರು

ಊರಿನವರ ಮಕ್ಕಳಿಗೆಲ್ಲ ಹೆಸರು ಹುಡುಕಿಕೊಟ್ಟವಳು ತನ್ನ ಮಗುವಿಗೆ ಒಂದು ಹೆಸರಿಡಲು ಹೆದರಿ ಸಾಯುತ್ತಿದ್ದಳು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಆಸ್ಪತ್ರೆಯ ಆ ಗಾಜಿನ ಪೆಟ್ಟಿಗೆಯ ಮುಂದೆ ಒಂದು ಮಧ್ಯಾಹ್ನ ನಿಂತು ಬಂದು ಆಮೇಲೆ ನಗಲಿ.

ಅವಳನ್ನು ಎಲ್ಲರೂ ಹೆಸರಕ್ಕ ಅನ್ನುತ್ತಿದ್ದರು. ಒಂದು ಮಾಸಪತ್ರಿಕೆಯಲ್ಲಿ ಅವಳದೇ ಪುಟವಿತ್ತು. ಬೀದಿಯಲ್ಲಿ ಇನ್ಯಾರಿಗೂ ಇರಬಾರದು, ಅರ್ಥವೂ ಚೆನ್ನಾಗಿರಬೇಕು ಎಂದು ಹಟ ಹಿಡಿದ ತಂದೆತಾಯಿಗಳಿಗೆ ಅವಳು ಲೋಕದ ಮೂಲೆಮೂಲೆಯಿಂದ ಹೆಸರು ಹೆಕ್ಕಿ ಕೊಡುತ್ತಿದ್ದಳು. ನಿಘಂಟು ನೋಡಿ ಬರೆದು ಕೈ ತೊಳೆದುಕೊಳ್ಳುವ ಪೈಕಿ ಅಲ್ಲ. ಆ ಭಾಷೆಯಲ್ಲೇ ಹುಟ್ಟಿದ ಒಬ್ಬರನ್ನು ಫೋನಿನಲ್ಲಿ ಹಿಡಿದು, ಅವರ ಬಾಯಿಂದಲೇ ಹೆಸರನ್ನು ಹೇಳಿಸಿ, ನಿಮ್ಮಲ್ಲಿ ಇದನ್ನು ಎಂಥ ಮಗುವಿಗೆ ಇಡುತ್ತಾರೆ ಎಂದು ಕೆದಕಿ ಕೇಳಿದ ಮೇಲೆಯೇ ಅದು ಅಚ್ಚಿಗೆ ಹೋಗಬೇಕು. ಫೋನಿನ ಖರ್ಚು ನೋಡಿ ಸಂಪಾದಕರು ತಲೆ ಚಚ್ಚಿಕೊಳ್ಳುತ್ತಿದ್ದರು.

ಹಾಗೆಯೇ ಒಮ್ಮೆ ಮಂಗೋಲಿಯಾದ ಒಬ್ಬ ಅಜ್ಜಿ ಸಿಕ್ಕಿದ್ದಳು. ನೆರ್ಗುಯಿ ಎಂದರೆ ಹೆಸರಿಲ್ಲದವನು, ಎನೆಬಿಶ್ ಎಂದರೆ ಇದಲ್ಲ. ಮನೆಯಲ್ಲಿ ಮಕ್ಕಳು ಉಳಿಯದಿದ್ದರೆ ಇಂಥ ಹೆಸರು ಇಡುತ್ತಾರಂತೆ, ಹುಡುಕಿಕೊಂಡು ಬಂದ ಕೇಡು ಇಲ್ಲಿ ಯಾರೂ ಇಲ್ಲವೆಂದು ಹಿಂದಿರುಗಲಿ ಎಂದು. ಅಜ್ಜಿಯ ತಮ್ಮನಿಗೂ ನೆರ್ಗುಯಿ ಎಂದೇ ಹೆಸರು. ಅವನ ವಿಷಯದಲ್ಲಿ ಅಮ್ಮ ಒಂದು ಜಾಗ್ರತೆ ಮಾಡುತ್ತಿದ್ದಳಂತೆ: ಹೊರಗಿನವರು ಯಾರು ಕೇಳಿದರೂ ನನ್ನ ಮಗ ಎಂದು ಹೇಳುತ್ತಿರಲಿಲ್ಲ. ಹೇಳಿದರೆ ಅಷ್ಟು ದಿನ ಮುಚ್ಚಿಟ್ಟಿದ್ದೆಲ್ಲ ನೀರಿನಲ್ಲಿ ಹೋಮ. ಹೆಸರಕ್ಕ ಅದನ್ನು ಖುಷಿಯಿಂದ ಪುಟದಲ್ಲಿ ಹಾಕಿದಳು. ಮೊದಲ ಸಲ ಬಸುರಿಯಾಗಿದ್ದ ಕಾಲ, ಹೆದರಿಕೆ ಅನ್ನುವುದು ಇನ್ನೂ ಬೇರೆಯವರ ಮನೆಯ ವಿಷಯವಾಗಿತ್ತು.

ಆ ಮೊದಲ ಮಗುವಿಗೆ ಹೊಟ್ಟೆಯಲ್ಲಿರುವಾಗಲೇ ಚಂದದ ಹೆಸರು ಸಿದ್ಧವಾಗಿತ್ತು. ಅವಳ ಅತ್ತೆ ಟೈಲರ್. ಸೊಸೆಯ ಬಾಯಿಂದ ಹೆಸರು ಬಿದ್ದದ್ದೇ ತಡ, ಹೊಸ ಬಟ್ಟೆಯ ಪುಟ್ಟ ಹೊದಿಕೆ ಹೊಲಿದು ರೇಷ್ಮೆ ದಾರದಲ್ಲಿ ಆ ಹೆಸರನ್ನು ಕಸೂತಿ ಹಾಕಿದರು. ಮಗು ಬಂತು, ಸಂಜೆಯೊಳಗೆ ಹೋಯಿತು. ಹೊದಿಕೆ ಬೀರುವಿನ ಮೇಲಿನ ಅರೆ ಸೇರಿತು. ಆ ಹೆಸರನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಎರಡನೆಯವಳು ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದಾಗ ಹೆಸರಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಹೆಸರು ಬೇಡ. ಫೋಟೋ ಬೇಡ. ಹೊಸ ಬಟ್ಟೆ ಬೇಡ. ಗಂಡ, ಪಾಪ, ಲಿಫ್ಟ್ ರಿಪೇರಿಯವನು, ಒಮ್ಮೆ ಗಾಜಿನ ಮೇಲೆ ಬಗ್ಗಿ "ನನ್ ಬಂಗಾರಿ" ಅಂದದ್ದಕ್ಕೆ ಅವನ ತೋಳು ಕೆಂಪಗಾಗುವಂತೆ ಜಿಗುಟಿದಳು. ಅತ್ತೆ ಮಾತ್ರ ಮಾತಿಗೆ ಮೊದಲೇ ಅರ್ಥ ಮಾಡಿಕೊಂಡರು. ಮಂಗೋಲಿಯಾದ ಅಜ್ಜಿಯ ಕಥೆಯನ್ನು ಸೊಸೆಯೇ ಅವರಿಗೆ ಓದಿ ಹೇಳಿದ್ದಳಲ್ಲ! ಅಂಗಡಿಯ ನೆಲದಲ್ಲಿ ಬಿದ್ದಿದ್ದ ತುಂಡುಗಳನ್ನೇ ಆರಿಸಿ, ಒಗೆದು, ಒಂದಕ್ಕೊಂದು ಹೊಂದದ ಬಣ್ಣಗಳಲ್ಲಿ ಹೊದಿಕೆ ಹೊಲಿದು ತಂದರು. ಪೆಟ್ಟಿಗೆಯ ಮೇಲೆ ಅದನ್ನು ಹಾಸುತ್ತಾ, ಎದುರಿಗೆ ಯಾರೋ ನಿಂತಿರುವ ಹಾಗೆ ಜೋರಾಗಿ, "ಇದೆಲ್ಲಿಯ ಚಿಂದಿಯಪ್ಪ, ಯಾರು ಬಿಸಾಡಿ ಹೋದ್ರೋ" ಅಂದರು.

ಅವತ್ತಿನಿಂದ ಅದೇ ರೂಢಿಯಾಯಿತು. ಚಿಂದಿ ಹಾಲು ಕುಡಿದಳಾ, ಚಿಂದಿಯ ತೂಕ ಏರಿತಾ. ನರ್ಸುಗಳೂ ಹಾಗೇ ಕರೆಯತೊಡಗಿದರು. ತಾಯಿ ಮಾತ್ರ ಆ ಅಜ್ಜಿಯ ಅಮ್ಮನ ನೇಮವನ್ನೂ ಹಿಡಿದಳು. ಹಾಲು ಹಿಂಡಿ ಕೊಡುವಾಗಲೂ "ಆ ಮಗುವಿಗೆ" ಎಂದೇ ಹೇಳುತ್ತಿದ್ದಳು. ನನ್ನ ಎಂಬ ಮಾತು ನಾಲಿಗೆಯ ಮೇಲೆ ಬಂದರೆ ನುಂಗಿಬಿಡುತ್ತಿದ್ದಳು. ಓದಿದವಳು, ನಾಲ್ಕು ಜನರಿಗೆ ತಿಳಿವಳಿಕೆ ಹೇಳುವವಳು, ಇದೇನು ಹುಚ್ಚು ಎಂದು ಅವಳಿಗೇ ನಾಚಿಕೆಯಾಗುತ್ತಿತ್ತು. ನಾಚಿಕೆಗಿಂತ ಭಯ ದೊಡ್ಡದಾಗಿತ್ತು.

ಒಂದು ಬೆಳಿಗ್ಗೆ ಡಾಕ್ಟರು ಬಂದು, ಹೃದಯದ ಹತ್ತಿರ ಮುಚ್ಚಬೇಕಿದ್ದ ಒಂದು ನಾಳ ಮುಚ್ಚಿಲ್ಲ, ಔಷಧಿಗೂ ಬಗ್ಗುತ್ತಿಲ್ಲ, ಇವತ್ತೇ ಆಪರೇಷನ್ ಮಾಡಬೇಕು ಎಂದರು. ಹೆಸರಕ್ಕ ಗಂಡನಿಗೆ ಫೋನ್ ಮಾಡಿದರೆ ಅವನು ಯಾವುದೋ ಕಟ್ಟಡದಲ್ಲಿ ಲಿಫ್ಟಿನ ಗುಂಡಿಗೆ ಇಳಿದಿದ್ದ, ಸಿಗಲಿಲ್ಲ. ಸಹಿ ಅವಳೇ ಹಾಕಿದಳು. ಅದು ತನ್ನ ಸಹಿಯಂತೆ ಕಾಣಲೇ ಇಲ್ಲ.

ಅಷ್ಟರಲ್ಲಿ ಹೆಡ್ ನರ್ಸ್ ಮಗುವಿನ ಕೈಗೆ ಕಟ್ಟುವ ಪಟ್ಟಿ ಹಿಡಿದು ಬಂದರು. ಇಷ್ಟು ದಿನ ಪಟ್ಟಿಯ ಮೇಲೆ ತಾಯಿಯ ಹೆಸರಿನ ಜೊತೆ 'ಮಗು' ಎಂದಷ್ಟೇ ಇತ್ತು. ಆದರೆ ಪಕ್ಕದ ಪೆಟ್ಟಿಗೆಯ ಮಗುವಿನ ತಾಯಿಯ ಹೆಸರೂ ಅದೇ. ಅದಲು ಬದಲಾದರೆ ಏನು ಗತಿ? ಮಗುವಿಗೇ ಒಂದು ಹೆಸರಿಲ್ಲದೆ ಆಪರೇಷನ್ ಕೋಣೆಯ ಬಾಗಿಲು ದಾಟಿಸುವ ಹಾಗಿಲ್ಲ, ಇದು ಇಲ್ಲಿಯ ಕಟ್ಟುನಿಟ್ಟು ಎಂದರು. ಬೇಗ ಹೇಳಿ, ಒಳಗೆ ಕಾಯುತ್ತಿದ್ದಾರೆ.

ಹೆಸರಕ್ಕನ ತಲೆಯೊಳಗೆ ಹೆಸರುಗಳು ಸಂತೆಯಂತೆ ನೆರೆದವು. ಬೆಳಕು, ಜಯ, ನಕ್ಷತ್ರ ಎಂಬ ಅರ್ಥದವನ್ನೆಲ್ಲ ನೋಡಿಯೇ ಹಿಮ್ಮೆಟ್ಟಿದಳು. ಅಂಥ ಹೆಸರು ಇಡುವುದೂ ಒಂದೇ, ಕೇಡಿಗೆ ಬಾ ಎಂದು ಬಾಗಿಲಲ್ಲಿ ದೀಪ ಹಚ್ಚುವುದೂ ಒಂದೇ. ಆಫ್ರಿಕಾದ ಯೊರುಬಾ ಜನ ಮಕ್ಕಳು ಉಳಿಯದ ಮನೆಯಲ್ಲಿ ಇಡುವ ಹೆಸರು ನೆನಪಾಯಿತು. ಮಲೊಮೊ, ಇನ್ನು ಹೋಗಬೇಡ. ಕೊಕುಮೊ, ಇನ್ನು ಸಾಯುವುದಿಲ್ಲ. ಅಯ್ಯೋ, ಅದರೊಳಗೇ ಸಾವು ಕೂತಿದೆಯಲ್ಲ!

ನರ್ಸ್ ಮತ್ತೊಮ್ಮೆ ಕೇಳಿದರು. ಆಗ ಅತ್ತೆ ಸೊಸೆಯನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು.

"ಚಿಂದಿ ಅಂತ ಬರ್ಕೊಳ್ಳಮ್ಮ."

ನರ್ಸ್ ಪೆನ್ನು ಎತ್ತಿ ನೋಡಿದರು. ಕರೆಯೋದು ಬೇರೆ, ಇದು ದಾಖಲೆಗೆ ಹೋಗುತ್ತದೆ ಎಂದರು. ಹೋಗಲಿ, ಅಲ್ಲಿಯೂ ಅದೇ ಇರಲಿ ಎಂದರು ಅತ್ತೆ, ನಾಳೆ ಬೇಕಾದರೆ ಬದಲಾಯಿಸಿದರಾಯಿತು. ಪಟ್ಟಿಯ ಮೇಲೆ ಚಿಂದಿ ಎಂದು ಬಿತ್ತು. ಮಣಿಕಟ್ಟು ಎಷ್ಟು ಸಣ್ಣದೆಂದರೆ ಪಟ್ಟಿಯನ್ನು ಸುತ್ತಿ ಸುತ್ತಿ ಕತ್ತರಿಸಬೇಕಾಯಿತು. ಪೆಟ್ಟಿಗೆಯ ಚಕ್ರಗಳು ಉರುಳಿ ಬಾಗಿಲಾಚೆ ಹೋದವು.

ಹೊರಗಿನ ಬೆಂಚಿನ ಮೇಲೆ ಬೇರೆ ಬೇರೆ ಕೋಣೆಗಳ ಕಡೆಯವರೂ ಕಾಯುತ್ತಿದ್ದರು. ಗೋಡೆಯ ಫ್ಯಾನು ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗುತ್ತಿತ್ತು. ಒಳಗಿರುವುದು ನನ್ನದಲ್ಲ, ಯಾರೋ ಬಿಸಾಡಿದ್ದು, ನೋಡಬೇಡ, ಮುಂದೆ ಹೋಗು ಎಂದು ಹೆಸರಕ್ಕ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಕೂತಳು. ಅತ್ತೆ ಚಿಂದಿ ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಚ್ಚಿರದ ಹೊಲಿಗೆಯನ್ನೇ ಬಿಚ್ಚಿದೆಯಾ ಎಂದು ಉಗುರಿನಿಂದ ನೋಡುತ್ತಿದ್ದರು.

ಬಾಗಿಲು ತೆರೆಯಿತು. ಮುಖಕ್ಕೆ ಮಾಸ್ಕ್ ಹಾಕಿದ್ದ ಡಾಕ್ಟರು ಹೊರಗೆ ಬಂದು ಬೆಂಚಿನ ಉದ್ದಕ್ಕೂ ಕಣ್ಣಾಡಿಸಿದರು.

"ಚಿಂದಿ ತಾಯಿ ಯಾರು?"

ಯಾರೋ ಕಿಸಕ್ಕನೆ ನಕ್ಕರು. ಮಾಸ್ಕಿನ ಹಿಂದೆ ಒಳ್ಳೆಯ ಸುದ್ದಿಯಿದೆಯೋ ಕೆಟ್ಟದ್ದೋ, ಕಣ್ಣು ನೋಡಿದರೆ ಗೊತ್ತಾಗುವಂತಿರಲಿಲ್ಲ. ಎದ್ದು ನಿಂತರೆ, ಇಷ್ಟು ದಿನ ಒಪ್ಪಿಕೊಳ್ಳದ್ದನ್ನು ಇಷ್ಟು ಜನರೆದುರು ಒಪ್ಪಿಕೊಂಡಂತೆ. ಬಾಯಿ ಬಿಟ್ಟರೆ ಮಗುವನ್ನು ಕೈಯಾರೆ ತೋರಿಸಿಕೊಟ್ಟಂತೆ. ಅತ್ತೆ ಏಳಲಿ ಎಂದು ಹೆಸರಕ್ಕ ಅವರ ಕಡೆ ನೋಡಿದಳು. ಅತ್ತೆ ಏಳಲಿಲ್ಲ. ಹೊದಿಕೆಯನ್ನು ಎತ್ತಿ ಸೊಸೆಯ ಮಡಿಲಿಗೆ ಹಾಕಿದರು.

"ನನ್ನ ಕೇಳ್ತಿಲ್ಲ ಕಣೇ ಅವ್ರು."

ಡಾಕ್ಟರು ಇನ್ನೊಮ್ಮೆ ಕೇಳಿದರು. ಯಾರೂ ಇಲ್ಲವೇ ಈ ಮಗುವಿಗೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಬಾಗಿಲ ಕಡೆ ತಿರುಗಿದರು.

ಆ ಮಾತನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಯಾರೂ ಇಲ್ಲವೇ. ಕೇಡಿಗೆ ಕೇಳಿಸಲಿ ಎಂದು ಇಷ್ಟು ದಿನ ಕಾದಿದ್ದ ಮಾತೇ ಅದು. ಆದರೆ ಒಳಗೆ ಮಲಗಿದವಳಿಗೂ ಅದೇ ಕೇಳಿಸಿರಬೇಕಲ್ಲ, ಇಷ್ಟು ದಿನವೂ, ಆ ಗಾಜಿನೊಳಗೆ ಒಬ್ಬಳೇ.

ಎದ್ದಳು. ಬೆಂಚಿನ ಬೆನ್ನು ಹಿಡಿದುಕೊಂಡಳು.

"ನಾನು," ಅಂದಳು. ಮತ್ತೆ, ಕಾರಿಡಾರಿನ ಕೊನೆಯವರೆಗೂ ಕೇಳುವಂತೆ ಅಂದಳು: "ನಾನೇ. ನನ್ ಮಗಳು ಅವಳು. ನನ್ನವಳು."

ಹೇಳಿಯಾಯಿತು. ಡಾಕ್ಟರು ಮಾಸ್ಕನ್ನು ಕೆಳಗೆ ಎಳೆದರು.

"ತಡ್ಕೊಂಡಿದಾಳೆ. ಬನ್ನಿ," ಅಂದರು ಅವರು, "ಕೈ ತೊಳ್ಕೊಂಡು ಬನ್ನಿ."

ಚಿಂದಿ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ನಲ್ಲಿಯ ಕೆಳಗೆ ಕೈ ಹಿಡಿದಳು. ನೀರು ತೋಳಿನವರೆಗೂ ಚಿಮ್ಮುತ್ತಿತ್ತು.