ದೋಣಿಯ ಊರೇ ಮೀನಿನ ಊರು

"ತಳ್ರೋ! ನಿಂತ್ರೆ ಹಿಂದಕ್ಕೆ ಜಾರುತ್ತೆ!"

ಒನೊರೆ ಚಿಕ್ಕಪ್ಪ ದೋಣಿಗೆ ಹೆಗಲು ಕೊಟ್ಟು ಕೂಗುತ್ತಿದ್ದ. ನಾನೂ ನೆರೆಮನೆಯವರೂ ದಡದ ದೊಡ್ಡ ರಾಟೆಯ ಮರದ ತೋಳುಗಳಿಗೆ ಎದೆ ಕೊಟ್ಟು ಸುತ್ತುತ್ತಿದ್ದೆವು. ಹಗ್ಗ ಬಿಗಿಯಿತು. ಹಳದಿ ದೋಣಿ ನೀರು ಬಿಟ್ಟು ಜಾರುಹಲಗೆ ಹತ್ತಿತು. ಎಂಜಿನ್ ನಡುಸಮುದ್ರದಲ್ಲಿ ಸತ್ತಿತ್ತು. ಮುದಿ ಚಿಕ್ಕಪ್ಪ ಹುಟ್ಟು ಹಾಕಿಕೊಂಡೇ ಬಂದಿದ್ದ.

"ಇನ್ನು ಇದಕ್ಕೆ ಮಣ್ಣು ತುಂಬಿ ಹೂಗಿಡ ನೆಡು, ಚಿಕ್ಕಪ್ಪ," ಎಂದೆ.

"ಮೊದಲು ನಿನ್ನನ್ನ ನೆಡ್ತೀನಿ."

ಕೆನಡಾದ ಪಕ್ಕದ ನಮ್ಮ ಸೆಂ-ಪಿಯೆರ್ ದ್ವೀಪದಲ್ಲಿ ಮುದಿ ದೋಣಿಗಳೆಲ್ಲ ಆಗ ಹಾಗೆಯೇ ಅಂಗಳ ಸೇರುತ್ತಿದ್ದವು. ನಾನು ಹುಡುಗಿಯಾಗಿದ್ದಾಗ ಈ ದಡದಲ್ಲಿ ದೋಣಿಗೆ ಜಾಗವೇ ಸಿಗುತ್ತಿರಲಿಲ್ಲ. ಉಪ್ಪು ಹಚ್ಚಿದ ಕಾಡ್ ಮೀನನ್ನು ಹೆಂಗಸರು ದುಂಡುಗಲ್ಲುಗಳ ಮೇಲೆ ಒಣಗಲು ಹರಡುತ್ತಿದ್ದರು. ಮಂಜು ಬರುವುದು ಕ್ಲೆಮಾಂಸ್ ಚಿಕ್ಕಮ್ಮನ ಮೂಗಿಗೆ ಮೊದಲು ತಿಳಿಯುತ್ತಿತ್ತು. ಅವಳು ಶಿಳ್ಳೆ ಹಾಕಿದರೆ ಇಡೀ ಕೇರಿ ಓಡಿಬಂದು ತೇವ ತಾಗದಂತೆ ಮೀನನ್ನು ಚರ್ಮ ಮೇಲಾಗಿ ಮಗುಚುತ್ತಿತ್ತು. ಒಮ್ಮೆ ಮದುವೆಯೂಟದ ನಡುವೆ ಶಿಳ್ಳೆ ಕೇಳಿ ಮದುಮಗಳೇ ಮುಸುಕು ಎತ್ತಿ ಕಟ್ಟಿಕೊಂಡು ಓಡಿದ್ದಳು. ಆಮೇಲೆ ಸಮುದ್ರದಲ್ಲಿ ಕಾಡ್ ಮೀನು ಬರಿದಾಯಿತು. ಚಿಕ್ಕಮ್ಮನೂ ತೀರಿಹೋದಳು. ಕಲ್ಲುಗಳ ನಡುವೆ ಹುಲ್ಲು ಬಂತು. ಚಿಕ್ಕಪ್ಪನಿಗೆ ಉಳಿದಿದ್ದು ಆ ದೋಣಿಯಲ್ಲಿ ಬೆಳಗ್ಗೆ ಎದ್ದು ಹೋಗುವುದೊಂದೇ.

ದೋಣಿ ನಿಂತ ಹೊತ್ತಿಗೆ ಲುದೊವಿಕ್ ಲಾರಿ ತಂದು ನಿಲ್ಲಿಸಿದ. ನನ್ನ ಜೊತೆ ಓದಿದವನು. ಈಗ ಫ್ರಾನ್ಸಿಗೆ ಮೀನು ಕಳಿಸುವ ವ್ಯಾಪಾರಿ. ಲಾರಿಯಲ್ಲಿ ಹೊದಿಕೆ ಮುಚ್ಚಿದ ಹೊಸ ಎಂಜಿನ್.

"ಒನೊರೆ ಮಾಮ, ಇದು ನಿಮ್ಗೇ. ದುಡ್ಡು ಬೇಡ, ದೋಣಿ ಹೆಸರು ಕೊಟ್ರೆ ಸಾಕು."

"ಹೆಸರು ಇಟ್ಕೊಂಡು ಏನ್ಮಾಡ್ತೀಯಾ, ಹುರ್ಕೊಂಡು ತಿಂತೀಯಾ?"

ನಾವು ಫ್ರೆಂಚರೇ, ಫ್ರಾನ್ಸಿನ ಚುನಾವಣೆಗೇ ಮತ ಹಾಕುವವರು. ಆದರೆ ಯುರೋಪಿನ ದೇಶಗಳು ಸೇರಿ ಮಾಡಿಕೊಂಡ ಮಾರುಕಟ್ಟೆಗೆ ನಮ್ಮ ದ್ವೀಪ ಹೊರಗಿನದು. ಆದರೂ ನಮ್ಮ ದೋಣಿ ಹಿಡಿದ ಮೀನಿಗೆ ಅಲ್ಲಿ ಸುಂಕವಿಲ್ಲ. ಎದುರಿನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನವರ ಮೀನಿಗೆ ಸುಂಕ. ಒಂದೇ ಸಮುದ್ರ, ಒಂದೇ ಮೀನು. ಅದು ಯಾವ ಊರಿನದೆಂದು ತೀರ್ಮಾನವಾಗುವುದು ಹಿಡಿದ ದೋಣಿಯಿಂದ. ಲುದೊವಿಕ್‌ಗೆ ಅವರ ಮೀನನ್ನು ಚಿಕ್ಕಪ್ಪನ ದೋಣಿಯದೆಂದು ಕಾಗದದಲ್ಲಿ ಬರೆದು ಸಾಗಿಸಬೇಕಿತ್ತು.

"ಅಷ್ಟು ಮೀನು ಹೊತ್ರೆ ಇದು ದಡದಲ್ಲೇ ಮುಳುಗುತ್ತೆ ಕಣೋ," ಎಂದೆ.

"ಅಲ್ಲಿ ಆಫೀಸಲ್ಲಿ ಕೂತವರು ಈ ದೋಣಿ ಯಾವತ್ತು ನೋಡಿದಾರೆ? ಹಡಗು ಅಂದ್ಕೋತಾರೆ ಬಿಡು."

ಚಿಕ್ಕಪ್ಪನಿಗೂ ನಗು ಬಂತು. ಹೊದಿಕೆ ಸರಿಸಿ ಎಂಜಿನ್ ಮೇಲೆ ಕೈಯಾಡಿಸಿದ. ಕೈ ಅಲ್ಲೇ ನಿಂತಿತು. ಇದಿಲ್ಲದಿದ್ದರೆ ನಾಳೆಯಿಂದ ಅವನು ಕಿಟಕಿಯ ಬಳಿ ಕೂರಬೇಕು. ತಗೊಂಡುಬಿಡಲಿ ಎಂದು ನನಗೂ ಅನ್ನಿಸಿತು.

"ಒಂದು ಬೇಸಿಗೆ ಅಷ್ಟೇ, ಮಾಮ. ಯಾರಿಗೇನು ನಷ್ಟ?"

"ಆಗ ಫ್ರಾನ್ಸಲ್ಲಿ ಬೋರ್ದೋ ಊರಿನ ವ್ಯಾಪಾರಿ ನನ್ನ ಮೀನಿನ ಪೆಟ್ಟಿಗೆ ಯಾವತ್ತೂ ಬಿಚ್ಚಿ ನೋಡ್ತಿರಲಿಲ್ಲ ಕಣೋ. ಒನೊರೆ ಮೀನು ಅಂದ್ರೆ ಮುಗೀತು."

"ಅದಕ್ಕೇ ನಿಮ್ಮ ಹತ್ರ ಬಂದಿದ್ದು!"

ಚಿಕ್ಕಪ್ಪ ಹೊದಿಕೆಯನ್ನು ಮತ್ತೆ ಎಳೆದು ಮುಚ್ಚಿದ.

"ಬೇಡ. ತಗೊಂಡು ಹೋಗು."