ಹತ್ತೊಂಬತ್ತನೇ ಮುಚ್ಚಳ

ಯಾವಾಗಲೂ ಇಡುತ್ತಿದ್ದ ಹಳೇ ಸಕ್ಕರೆ ಡಬ್ಬಿಯಲ್ಲಿ ಟ್ಯಾಗ್ ಇರಲಿಲ್ಲ. ಜೇನತ್ತೆ ಡಬ್ಬಿಯನ್ನು ಬೋರಲು ಹಾಕಿ ತಳಕ್ಕೆ ಎರಡೇಟು ತಟ್ಟಿದಳು. ಉದುರಿದ್ದು ಎರಡು ಗುಂಡಿ, ಒಂದು ಸೂಜಿ.

ಎರಡು ವರ್ಷದ ಜೇನುತುಪ್ಪದ ದುಡ್ಡೆಲ್ಲ ಅವಳ ಮೊಬೈಲಿನ ಕ್ರಿಪ್ಟೋ ವ್ಯಾಲೆಟ್‌ನಲ್ಲಿತ್ತು. ದೂರದ ವ್ಯಾಪಾರಿ ಕೊಡುತ್ತಿದ್ದುದೇ ಹಾಗೆ. ಗುಂಡಿಯಷ್ಟಗಲದ ಬಿಳಿ ಟ್ಯಾಗನ್ನು ಮೊಬೈಲಿನ ಬೆನ್ನಿಗೆ ತಾಗಿಸಿದರಷ್ಟೇ ವ್ಯಾಲೆಟ್ ಬಾಯಿ ಬಿಡುತ್ತಿತ್ತು. ಈ ಏರ್ಪಾಡು ಮಾಡಿಕೊಟ್ಟವನು ಮೊಬೈಲ್ ರಿಪೇರಿಯ ಅಳಿಯ. ಅಳಿಯನೆಂದು ಒಂದು ಪಾಲು, ರಿಪೇರಿಯವನೆಂದು ಎರಡು ಪಾಲು, ಅತ್ತೆಗೆ ಅವನ ಮೇಲೆ ಗುಮಾನಿ. ಮೊನ್ನೆ ಬಂದವನು ಅಡುಗೆಮನೆಗೆ ಹೋಗಿ ತಾನೇ ನೀರು ಬಗ್ಗಿಸಿಕೊಂಡು ಕುಡಿದಿದ್ದ. ಕೊಡದ ಪಕ್ಕದಲ್ಲೇ ಸಕ್ಕರೆ ಡಬ್ಬಿ!

ಕರೆಸಿದಳು. ಬಂದವನ ಮುಖ ಬಿಟ್ಟು ಜೇಬುಗಳನ್ನೇ ನೋಡಿದಳು.

"ಟ್ಯಾಗ್ ಕಾಣ್ತಿಲ್ಲ ಅಳಿಯಂದ್ರೇ."

"ಅಯ್ಯೋ ಅತ್ತೆ! ಅದಿಲ್ದೆ ನನ್ನಿಂದ್ಲೂ ತೆಗೆಯೋಕಾಗಲ್ಲ."

"ಹೌದಾ? ತೆಗೆದು ನೋಡಿದ್ರಾ?"

ಅವನ ಕಿವಿ ಕೆಂಪಾಯಿತು. ಅದನ್ನೂ ಅವಳು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

"ಕೊನೇ ಸಲ ಯಾವಾಗ ನೋಡಿದ್ರಿ?" ಅಂದ ಅಳಿಯ.

"ಮೇಣ ಕಾಯಿಸಿದ ದಿನ. ದುಡ್ಡು ಬಂತಾ ಅಂತ ನೋಡಿ ಜೇಬಿಗೆ ಹಾಕ್ಕೊಂಡೆ. ಆಮೇಲೆ ಪೆಟ್ಟಿಗೆ ಹತ್ರ ಹೋದೆ."

ಜೇನುಪೆಟ್ಟಿಗೆಗಳ ಮುಚ್ಚಳದೊಳಗೂ ಒಂದೊಂದು ಟ್ಯಾಗ್ ಇತ್ತು. ಮೊಬೈಲ್ ತಾಗಿಸಿದರೆ ಆ ಪೆಟ್ಟಿಗೆಯ ರಾಣಿ ಯಾವಾಗ ಬಂದಳು, ಹೇಗಿದ್ದಾಳೆ, ಎಲ್ಲ ತೆರೆಯ ಮೇಲೆ. ಅವೂ ಅಳಿಯ ತಂದವೇ, ಅವೂ ಬಿಳಿ. ಅಂದು ಒಂದು ಉದುರಿಹೋಗಿತ್ತು. ಜೇಬಿನಿಂದ ಬಿಡಿ ಟ್ಯಾಗೊಂದನ್ನು ತೆಗೆದು ಬಿಸಿ ಮೇಣದಲ್ಲಿ ಅಂಟಿಸಿದ್ದಳು. ಯಾವ ಪೆಟ್ಟಿಗೆಗೆಂದು ಮಾತ್ರ ನೆನಪಿಲ್ಲ ಎಂದಳು.

"ಅದೇ ಜೇಬಾ ಅತ್ತೆ?"

ಅವಳು ತಿರುಗಿ ಪೆಟ್ಟಿಗೆಗಳ ಕಡೆ ನೋಡಿದಳು. ಆದರೆ ಬಾಯಿ ಸೋಲಲಿಲ್ಲ. "ನೀವ್ಯಾಕೆ ಎಲ್ಲಾ ಒಂದೇ ಥರದ್ದು ತಂದ್ರಿ?"

ಹೊಗೆಡಬ್ಬಿ ಹಿಡಿದು ಹೊರಟರು. ಮುಖಪರದೆ ಇದ್ದದ್ದು ಒಂದೇ. ಅದನ್ನು ಅವಳು ಹಾಕಿಕೊಂಡಳು. ಅಳಿಯ ಮುಚ್ಚಳ ಎತ್ತಿದ, ಅತ್ತೆ ಮೊಬೈಲ್ ತಾಗಿಸಿದಳು. ರಾಣಿ. ಮತ್ತೊಂದು ರಾಣಿ. ಹನ್ನೆರಡನೇ ಪೆಟ್ಟಿಗೆಯ ಹೊತ್ತಿಗೆ ಅವನ ಒಂದು ಕಣ್ಣು ಊದಿ ಮುಚ್ಚಿತ್ತು.

ಹತ್ತೊಂಬತ್ತನೆಯದರಲ್ಲಿ ವ್ಯಾಲೆಟ್ ತೆರೆದುಕೊಂಡಿತು. ಒಂದು ಕಾಸೂ ಅಲುಗಿರಲಿಲ್ಲ. ಅತ್ತೆ ನಿಟ್ಟುಸಿರು ಬಿಟ್ಟವಳು, ಅವನು ಮೊತ್ತವನ್ನು ಓದುವ ಮೊದಲೇ ಮೊಬೈಲನ್ನು ಎದೆಗವಚಿಕೊಂಡಳು.

"ಇಲ್ಲೇ ಇರ್ಲಿ ಬಿಡಿ ಅತ್ತೆ. ಇವಕ್ಕಿಂತ ಕಾವಲು ಬೇಕಾ?" ಎಂದು ಅವನು ಒಂದೇ ಕಣ್ಣಲ್ಲಿ ನಕ್ಕ.

ಪಾಪ ಅನ್ನಿಸಿತು. ನಿಜಕ್ಕೂ ಅನ್ನಿಸಿತು. "ಒಳಗೆ ಹೋಗಿ ಮುಖ ತೊಳ್ಕೊಳ್ಳಿ. ಸುಣ್ಣ ಹಚ್ತೀನಿ."

ಅವನು ಗೋಡೆಯ ಮೂಲೆ ತಿರುಗಿದ್ದೇ ತಡ, ಹತ್ತೊಂಬತ್ತನೇ ಮುಚ್ಚಳವನ್ನು ಎತ್ತಿ ಏಳನೇ ಪೆಟ್ಟಿಗೆಗೆ ಹಾಕಿದಳು, ಏಳರದನ್ನು ಇಲ್ಲಿಗೆ. ಏಳರ ರಾಣಿಯ ಸಮಾಚಾರ ಇನ್ನು ತಪ್ಪು ಪೆಟ್ಟಿಗೆಯಲ್ಲಿ ಸಿಗುತ್ತದೆ. ಅದನ್ನು ತಾನು ನೆನಪಿಟ್ಟುಕೊಂಡರಾಯಿತು.

ಅಷ್ಟರಲ್ಲಿ ಬಚ್ಚಲಿನ ಕಿಟಕಿ ಕಣ್ಣಿಗೆ ಬಿತ್ತು. ತೆರೆದೇ ಇತ್ತು. ನೀರಿನ ಸದ್ದು ಮಾತ್ರ ಇನ್ನೂ ಕೇಳಿಸಿರಲಿಲ್ಲ.

ಅತ್ತೆ ಏಳನೇ ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ಎತ್ತಿದಳು.