ತೊಡೆ, ಉರಿ, ಏಳು

ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಸೋಮವಾರ ಐದು ಗಂಟೆಗೆ ಎಚ್ಚರವಾಯಿತು. ಐದಕ್ಕೆ ಏಳಲು ಇನ್ನು ಕಾರಣವಿರಲಿಲ್ಲ. ಆದರೂ ಎದ್ದೆ. ಎರಡು ಲೋಟ ತೆಗೆದಿಟ್ಟು, ಒಂದನ್ನು ವಾಪಸ್ ಗೂಡಿನಲ್ಲಿಟ್ಟೆ. ಆಮೇಲೆ ಅತ್ತೆ ಇದ್ದಾರೆ ಎಂದು ನೆನಪಾಗಿ ಮತ್ತೆ ಹೊರತೆಗೆದೆ.

ಅತ್ತೆ ಬಂದು ಸ್ಟೂಲಿನ ಮೇಲೆ ಕೂತರು.

"ನಿದ್ದೆ ಬಂತಾ?"

"ಬಂತು."

"ನಂಗೂ ಬಂತು. ನಾಚಿಕೆಗೆಟ್ಟ ನಿದ್ದೆ." ಕಾಫಿಯನ್ನು ಕೈಯಲ್ಲಿ ಹಿಡಿದರು, ಕುಡಿಯಲಿಲ್ಲ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ದಿನಾ ಅವನನ್ನ ಕೂರಿಸ್ಕೊಂಡು ಬರ್ಕೊತಿದ್ದೆಯಲ್ಲ, ಆ ಪುಸ್ತಕ. ಇಷ್ಟು ಓದಿರೋಳು ನೀನು. ಅದರಲ್ಲಿ ಏನೂ ಕಾಣಲಿಲ್ವಾ?"

"ಇಲ್ಲ ಅತ್ತೆ."

"ಏನೂ?"

"ಏನೂ ಇರಲಿಲ್ಲ."

"ಸರಿ ಬಿಡು," ಅಂದರು. ಸರಿಯಾಗಿರಲಿಲ್ಲ. ಇನ್ನು ದಿನವೂ ಈ ಸ್ಟೂಲಿನ ಮೇಲೆ ಕೂತು ಇದನ್ನೇ ಕೇಳುತ್ತಾರೆ, ಬಾಯಿ ಬಿಟ್ಟು ಕೇಳದಿದ್ದರೂ ಕೇಳುತ್ತಾರೆ ಎಂದು ನನಗೆ ಗೊತ್ತಾಯಿತು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಮೂವತ್ನಾಲ್ಕು ವರ್ಷ. ಕಂಪನಿಯ ತಂಡಕ್ಕೆ ನಾನೂರು ಮೀಟರ್ ಓಡುತ್ತಿದ್ದ. ವರ್ಷಕ್ಕೊಮ್ಮೆ ಕಂಪನಿಗಳ ನಡುವೆ ರಿಲೇ ಇರುತ್ತದೆ. ನಾಲ್ಕು ಜನ, ಒಬ್ಬೊಬ್ಬರಿಗೆ ಒಂದು ಸುತ್ತು. ಕೊನೆಯ ಸುತ್ತು ಅವನದು. ಈ ಸಲ ಮೂರನೆಯವನಾಗಿ ಗೆರೆ ದಾಟಿ, ನಾಲ್ಕು ಹೆಜ್ಜೆ ನಡೆದು, ಹುಲ್ಲಿನ ಮೇಲೆ ಮಲಗಿದ. ನಾನೂರು ಓಡಿದವರೆಲ್ಲ ಮಲಗುತ್ತಾರೆ. ಎಂಟು ಜನ ಮಲಗಿದ್ದರು. ಏಳು ಜನ ಎದ್ದರು. ನಾನು ಮೆಟ್ಟಿಲ ಮೇಲೆ ಕೂತು ಅವನ ಸಮಯ ಬರೆದುಕೊಳ್ಳುತ್ತಿದ್ದೆ.

"ನೂರು ಮೀಟರಿನವನು ನೋವು ಶುರುವಾಗೋ ಮುಂಚೆ ಮನೆ ಸೇರಿರ್ತಾನೆ. ನಾವು ನೋವಿನ ಜೊತೆಗೇ ಮನೆಗೆ ಬರಬೇಕು," ಎನ್ನುತ್ತಿದ್ದ. ಮುನ್ನೂರು ದಾಟಿದ ಮೇಲೆ ತೊಡೆ ಮರಗಟ್ಟುತ್ತದೆ. ತೋಳು ಮೇಲೇಳುವುದಿಲ್ಲ. ಗಂಟಲಲ್ಲಿ ಕಬ್ಬಿಣದ ರುಚಿ. ಗೆರೆ ದಾಟಿದ ಮೇಲೆ ಬೇಲಿ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ, ತಿರುಗಿ ನಗುತ್ತಿದ್ದ.

ಇದನ್ನೆಲ್ಲ ತಾಳಿಕೊಳ್ಳುವುದನ್ನು ಕಲಿಸಿದವಳು ನಾನು. ಓದಿ, ಕೇಳಿ, ಅವನ ಮೇಲೆ ಪ್ರಯೋಗ ಮಾಡಿ ಕಲಿಸಿದೆ. ಉರಿ ಶುರುವಾದಾಗ ಹಲ್ಲು ಕಚ್ಚಬೇಡ, ದವಡೆ ಸಡಿಲ ಬಿಡು. ಮುಷ್ಟಿ ಬಿಗಿಯಬೇಡ, ಬೆರಳಲ್ಲಿ ಚಿಟ್ಟೆ ಇದೆ ಅಂದುಕೋ. ಎಡಗಾಲು ನೆಲಕ್ಕೆ ಬಿದ್ದಾಗ ಉಸಿರು ಬಿಡು. ಕೊನೆಯ ನೂರರಲ್ಲಿ ಗೆರೆ ನೋಡಬೇಡ, ಹೆಜ್ಜೆ ಎಣಿಸು. ಅವನಿಗೆ ನಲವತ್ತೆಂಟು ಹೆಜ್ಜೆ. "ನಲವತ್ತೆಂಟು ಸಲ ಸುಳ್ಳು ಹೇಳ್ಕೊಂಡ್ರೆ ಸಾಕು," ಎನ್ನುತ್ತಿದ್ದ.

ಒಂದೇ ಒಂದು ನಿಯಮವಿತ್ತು. ಉರಿ ಹತ್ತಕ್ಕೆ ಎಂಟರವರೆಗೂ ಇರಲಿ, ಪರವಾಗಿಲ್ಲ. ಚುಚ್ಚಿದರೆ, ಬಿಗಿದರೆ, ಒಂದೇ ಇದ್ದರೂ ನಿಲ್ಲಬೇಕು. ಅಭ್ಯಾಸ ಮುಗಿಸಿ ಬಂದು, ಸ್ನಾನ ಮಾಡಿ, ತಲೆ ಒರೆಸಿಕೊಳ್ಳುತ್ತ ಅವನು ಹೇಳುತ್ತಿದ್ದ. ನಾನು ಬರೆದುಕೊಳ್ಳುತ್ತಿದ್ದೆ. ಎಲ್ಲಿ, ಯಾವ ಥರ, ಹತ್ತಕ್ಕೆ ಎಷ್ಟು. ತೊಡೆ, ಉರಿ, ಏಳು. ಮೀನಖಂಡ, ಉರಿ, ಐದು. ತೊಡೆ, ಉರಿ, ಏಳು.

ಅತ್ತೆ ಒಳಗೆ ಹೋದ ಮೇಲೆ ಪುಸ್ತಕವನ್ನು ಮೊದಲ ಪುಟದಿಂದ ನೋಡಿದೆ. ಹೃದಯ ನಿಂತಿತು ಎಂದಿದ್ದರು ಡಾಕ್ಟರು. ಎದೆ ಎಂಬ ಮಾತು ಎಲ್ಲೂ ಇರಲಿಲ್ಲ.

ನಂತರ ಅವನ ಓಟದ ಚೀಲವನ್ನು ಒಗೆಯಲು ಖಾಲಿ ಮಾಡಿದೆ. ತಳದಲ್ಲಿ, ಒಂದು ಕಾಲುಚೀಲದೊಳಗೆ, ಕಪ್ಪು ಎಲಾಸ್ಟಿಕ್ ಪಟ್ಟಿಯಿತ್ತು. ಎದೆಗೆ ಕಟ್ಟಿಕೊಂಡರೆ ಹೃದಯದ ಬಡಿತ ಎಣಿಸುವ ಪಟ್ಟಿ. ಜೊತೆಗೆ ಅದರ ಲೆಕ್ಕ ತೋರಿಸುವ ಕೈಗಡಿಯಾರ. ಎರಡೂ ನಮ್ಮವಲ್ಲ. ನಮ್ಮ ಮನೆಯಲ್ಲಿ ಇಂಥದ್ದು ಇರಲೇ ಇಲ್ಲ. ಗಡಿಯಾರದ ಗುಂಡಿ ಒತ್ತುತ್ತ ಹೋದೆ. ಹನ್ನೊಂದು ದಿನಗಳ ಓಟ ಉಳಿದಿತ್ತು. ಮೊದಲ ಮೂರು ದಿನ ನಿಮಿಷಕ್ಕೆ ನೂರ ಎಪ್ಪತ್ತೆಂಟು, ನೂರ ಎಂಬತ್ತು, ನೂರ ಎಂಬತ್ತೊಂದು. ನಾಲ್ಕನೆಯ ದಿನ ಇನ್ನೂರ ಇಪ್ಪತ್ತಾರು. ಅಲ್ಲಿಂದ ಮುಂದೆ ದಿನ ಬಿಟ್ಟು ದಿನ ಇನ್ನೂರರ ಮೇಲೆ.

ತಾರೀಖುಗಳನ್ನು ಪುಸ್ತಕದ ಪಕ್ಕ ಇಟ್ಟು ನೋಡಿದೆ. ಇನ್ನೂರ ಇಪ್ಪತ್ತಾರರ ದಿನ ನನ್ನ ಅಕ್ಷರದಲ್ಲಿ: ತೊಡೆ, ಉರಿ, ಏಳು.

ನನ್ನ ಕೆಲಸ ಕಿವಿ ಪರೀಕ್ಷಿಸುವುದು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಶಬ್ದ ಬಿಟ್ಟು, ಕೇಳಿದಾಗ ಗುಂಡಿ ಒತ್ತಿ ಎನ್ನುತ್ತೇನೆ. ಕೇಳದಿದ್ದರೂ ಒತ್ತುವವರಿರುತ್ತಾರೆ, ಡ್ರೈವರ್ ಕೆಲಸ ಹೋಗುತ್ತದೆ ಎಂದು. ಅವರನ್ನು ಹಿಡಿಯುವುದು ಕಷ್ಟವಲ್ಲ. ಶಬ್ದಗಳ ನಡುವಿನ ಅಂತರ ಬದಲಿಸುತ್ತ ಹೋದರೆ ಸಾಕು, ಸುಳ್ಳು ಒತ್ತುವವನು ತಾಳ ಹಾಕುವವನ ಹಾಗೆ ಒತ್ತುತ್ತಾನೆ. ಒಂಬತ್ತು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿದವರು ಕಡಿಮೆ. ಗಂಡನನ್ನು ಮಾತ್ರ ದಿನವೂ ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ, ಅದೇ ಪ್ರಶ್ನೆ ಕೇಳಿದೆ.

ಪಟ್ಟಿ ಕೆಟ್ಟಿರಬಹುದು ಎಂದುಕೊಂಡೆ. ಬಾಗಿಲು ಹಾಕಿಕೊಂಡು ನಾನೇ ಕಟ್ಟಿಕೊಂಡೆ.

ಮಧ್ಯಾಹ್ನ ಅವನ ಸಾಮಾನು ತರಲು ವರ್ಕ್‌ಶಾಪಿಗೆ ಹೋದೆ. ಉದ್ದನೆಯ ಶೆಡ್ಡು. ಒಂದು ಗೋಡೆಯುದ್ದಕ್ಕೂ ಉಕ್ಕಿನ ಹಗ್ಗದ ಸುರುಳಿಗಳು, ಮಧ್ಯದಲ್ಲಿ ಬಾಗಿಲಿಲ್ಲದ ಒಂದು ಲಿಫ್ಟ್ ಪೆಟ್ಟಿಗೆ, ಅದರೊಳಗೆ ಯಾರದೋ ಊಟದ ಡಬ್ಬಿ. ಸ್ಟೋರ್ ನೋಡಿಕೊಳ್ಳುವವರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಾರೆ. ಅವರು ಜಾಲರಿ ಕಿಟಕಿಯ ಹಿಂದಿನಿಂದ ಎದ್ದು ಬಂದರು.

"ಬಾಮ್ಮ. ಕೂತ್ಕೋ. ಆ ಕುರ್ಚಿ ಬೇಡ, ಅದರ ಕಾಲು ನನ್ನ ಕಾಲಿಗಿಂತ ಕಡೆ."

ಅವನ ಶೂ, ಟೋಪಿ, ಟಾರ್ಚು, ಕನ್ನಡಕದ ಡಬ್ಬಿ ಮೇಜಿನ ಮೇಲಿಟ್ಟರು. ಆಮೇಲೆ ತಂತಿಯ ಬಳೆಯಲ್ಲಿ ಪೋಣಿಸಿದ ಹಿತ್ತಾಳೆ ಬಿಲ್ಲೆಗಳನ್ನು ಇಟ್ಟರು. ಪ್ರತಿಯೊಂದರ ಮೇಲೂ ಹದಿನೇಳು ಎಂದು ಕೊರೆದಿತ್ತು. ಅಲ್ಲಿ ಯಾರು ಏನು ತೆಗೆದುಕೊಂಡರೂ ತಮ್ಮ ಸಂಖ್ಯೆಯ ಬಿಲ್ಲೆಯನ್ನು ಆ ಜಾಗದಲ್ಲಿ ತೂಗುಹಾಕಿ ಹೋಗಬೇಕು. ವಾಪಸ್ ಕೊಟ್ಟಾಗ ಬಿಲ್ಲೆ ವಾಪಸ್.

"ಐದಿರಬೇಕು, ನಾಲ್ಕಿದೆ," ಅಂದರು ದೊಡ್ಡಪ್ಪ. "ಐದನೇದು ಇಲ್ಲಿಲ್ಲ, ಹುಳು ಹತ್ರ ಇದೆ. ಸ್ಟೋರಿನದಲ್ಲ, ಅವರಿಬ್ಬರದೇ ವ್ಯವಹಾರ. ಈ ಕಳ್ಳರು ಒಂದು ಬಾಚಣಿಗೆ ಇಸ್ಕೊಂಡ್ರೂ ಬಿಲ್ಲೆ ಇಡ್ತಾರೆ. ಏನೋ ಎದೆಗೆ ಕಟ್ಟೋ ಬೆಲ್ಟು ಅಂತೆ." ನನ್ನ ಮುಖ ನೋಡಿ ದನಿ ತಗ್ಗಿಸಿದರು. "ನಿಂಗೆ ಗೊತ್ತಿತ್ತಲ್ಲಮ್ಮ?"

"ಹುಳು ಎಲ್ಲಿದಾರೆ?" ಅಂದೆ.

ಪೂರ್ತಿ ಹೆಸರು ಬಸವನಹುಳು. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದವನಿಗೆ ನನ್ನ ಗಂಡನೇ ಇಟ್ಟ ಹೆಸರು. ಅವನಿಗಿಂತ ನಾಲ್ಕು ವರ್ಷ ಚಿಕ್ಕವನು. ಇಬ್ಬರೂ ಒಂದೇ ಗಾಡಿಯಲ್ಲಿ ರಿಪೇರಿಗೆ ಹೋಗುತ್ತಿದ್ದರು. ಅಂತ್ಯಕ್ರಿಯೆಯ ದಿನ ಅತ್ತು ಅತ್ತು ಅವನ ದನಿಯೇ ಬಿದ್ದುಹೋಗಿತ್ತು. ಆಗ ನಾನೇ ನೀರು ಕೊಟ್ಟಿದ್ದೆ.

ಹಿಂದಿನ ಕೋಣೆಯಲ್ಲಿ ಒಂದು ಮೋಟಾರು ಬಿಚ್ಚಿಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದುನಿಂತ. ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಅತ್ತಿಗೆ. ಫೋನ್ ಮಾಡಿದ್ರೆ ನಾನೇ ಎಲ್ಲ ತಂದುಕೊಡ್ತಿದ್ದೆ."

ಪಟ್ಟಿಯನ್ನೂ ಗಡಿಯಾರವನ್ನೂ ಮೋಟಾರಿನ ಪಕ್ಕ ಇಟ್ಟೆ. ಅವನು ಮೋಟಾರನ್ನು ಪಕ್ಕಕ್ಕೆ ಸರಿಸಿದ.

"ಯಾವಾಗ ಕೊಟ್ಟಿರಿ?"

"ಒಂದೂವರೆ ತಿಂಗಳಾಯ್ತು."

"ಯಾಕೆ ಕೇಳಿದ?"

"ಸುಮ್ನೆ. ಟ್ರೇನಿಂಗ್‌ಗೆ ಅಂತ."

"ನಾನು ದಿನಾ ಹತ್ತು ಜನ ಸುಳ್ಳು ಗುಂಡಿ ಒತ್ತೋದನ್ನ ನೋಡ್ತೀನಿ," ಅಂದೆ. "ಹೇಳಿ."

ಅವನು ಕೂತ. ನಾನು ನಿಂತೇ ಇದ್ದೆ.

"ಎದೆ ಹಿಡಿದ ಹಾಗಾಗುತ್ತೆ ಅಂತ ಹೇಳಿದ್ರು ಅಣ್ಣ. ಇನ್ನೂರೈವತ್ತು ಮೀಟರ್ ದಾಟಿದ ಮೇಲೆ. ಆಮೇಲೆ ಹಕ್ಕಿ ಸಿಕ್ಕಿಹಾಕ್ಕೊಂಡ ಹಾಗೆ ಪಟಪಟ ಅನ್ನುತ್ತೆ, ನಿಂತುಬಿಡುತ್ತೆ ಅಂತ. ಕಟ್ಕೊಂಡು ನೋಡಣ್ಣ ಅಂತ ಕೊಟ್ಟೆ. ಇನ್ನೂರಿಪ್ಪತ್ತಾರು ತೋರಿಸ್ತು. ಇಬ್ಬರೂ ನಕ್ಕುಬಿಟ್ವಿ ಅತ್ತಿಗೆ. ಸೆನ್ಸರ್ ಹೋಗಿದೆ ಅಂದ್ಕೊಂಡ್ವಿ. ನಮ್ಮ ಕೆಲಸದಲ್ಲಿ ಅದು ದಿನಾ ಇರುತ್ತೆ. ಖಾಲಿ ಲಿಫ್ಟು ಓವರ್‌ಲೋಡ್ ಅಂತ ಕಿರುಚ್ಕೊಳ್ಳುತ್ತೆ. ಹಗ್ಗ ನೋಡೋಕೆ ಯಾರೂ ಹೋಗಲ್ಲ, ಮೊದಲು ಸೆನ್ಸರ್ ಒರೆಸ್ತೀವಿ. ನೂರಕ್ಕೆ ತೊಂಬತ್ತು ಸಲ ಅದೇ ಆಗಿರುತ್ತೆ. ಇದನ್ನೂ ಸ್ಪಿರಿಟ್ ಹಾಕಿ ಒರೆಸಿದ್ವಿ. ಹೊಸ ಸೆಲ್ ಹಾಕಿದ್ವಿ."

"ಆಮೇಲೂ ಅಷ್ಟೇ ತೋರಿಸ್ತು."

"ಹೂಂ. ಪಟ್ಟಿನೇ ಕೆಟ್ಟಿದೆ ಅಂದ್ಕೊಂಡ್ವಿ."

"ಬೆಳಿಗ್ಗೆ ನಾನು ಕಟ್ಕೊಂಡು ನೋಡಿದೆ. ಕೂತಿದ್ದಾಗ ಎಪ್ಪತ್ತಾರು. ಮೂರು ಸಲ ಮಹಡಿ ಹತ್ತಿ ಇಳಿದ ಮೇಲೆ ನೂರ ಮೂವತ್ತು. ನಾಡಿಗೆ ಬೆರಳಿಟ್ಟೂ ಎಣಿಸಿದೆ. ಒಂದೂ ಹೆಚ್ಚುಕಡಿಮೆ ಇಲ್ಲ."

ಹೊರಗೆ ಯಾರೋ ಉಕ್ಕಿನ ಹಗ್ಗ ಎಳೆಯುತ್ತಿದ್ದರು. ಅವನು ಗಡಿಯಾರವನ್ನು ಬೋರಲು ಇಟ್ಟ.

"ನಾನೂ ಕಟ್ಕೊಂಡು ನೋಡಿದ್ದೆ," ಅಂದ.

"ಯಾವಾಗ?"

"ರಿಲೇಗೆ ಹದಿನೆಂಟು ದಿನ ಇತ್ತು. ಎರಡು ಸುತ್ತು ಓಡಿದೆ. ಸರಿಯಾಗೇ ತೋರಿಸ್ತು."

"ಅವನಿಗೆ ಗೊತ್ತಿತ್ತಾ?"

"ಅಣ್ಣನ ಎದುರಿಗೇ ಕಟ್ಕೊಂಡಿದ್ದು. ಗಡಿಯಾರ ಅವರ ಕೈಯಲ್ಲೇ ಇತ್ತು."

ನನ್ನ ಕೈ ಮೇಜಿನ ಮೇಲಿತ್ತು. ಕೆಳಗೆ ಎಣ್ಣೆ ಇದ್ದದ್ದು ಆಗ ಗೊತ್ತಾಯಿತು.

"ಏನಂದ?"

"ಅವಳಿಗೆ ಹೇಳ್ಬೇಡ ಅಂದ್ರು. ಹೇಳಿದ್ರೆ ಅವತ್ತೇ ಓಟ ನಿಲ್ಲಿಸ್ತಾಳೆ, ರಿಲೇ ಮುಗಿಲಿ, ಮಾರನೇ ದಿನ ನಾನೇ ಹೇಳಿ ಡಾಕ್ಟರ್ ಹತ್ರ ಹೋಗ್ತೀನಿ ಅಂದ್ರು. ಕೊನೇ ಸುತ್ತಿಗೆ ಬೇರೆ ಯಾರೂ ಇರಲಿಲ್ಲ ಅತ್ತಿಗೆ. ನಾನು... ನಂಗೂ ಆ ಕಪ್ ಬೇಕಿತ್ತು." ಮೂಗು ಒರೆಸಿಕೊಂಡ. "ತಡ್ಕೊಳ್ಳೋಕೆ ಆಗುತ್ತಾ ಅಣ್ಣ ಅಂತ ಕೇಳಿದೆ. ನನ್ನ ಹೆಂಡತಿ ಹೇಳಿಕೊಟ್ಟಿದಾಳಲ್ಲ ಅಂದ್ರು. ಬಿಗಿತ ಬಂದಾಗ ದವಡೆ ಬಿಡ್ತೀನಿ, ಮುಷ್ಟಿ ಬಿಡ್ತೀನಿ, ಹೆಜ್ಜೆ ಎಣಿಸ್ತೀನಿ. ಉರಿಗೆ ಹೇಳಿಕೊಟ್ಟಿದ್ದು ಇದಕ್ಕೂ ನಡೆಯುತ್ತೆ ಅಂತ."

ಎಂಟು ವರ್ಷದ ಮದುವೆ. ಅವನು ಬೇರೊಬ್ಬಳ ಹತ್ತಿರ ಹೋಗಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿರುತ್ತಿತ್ತು. ಇದಕ್ಕೆ ಏನು ಮಾಡುತ್ತಾರೆ? ನಾನು ಕೊಟ್ಟದ್ದನ್ನೇ ನನ್ನಿಂದ ಮುಚ್ಚಿಡಲು ಬಳಸಿದ. ತಲೆ ಒರೆಸಿಕೊಳ್ಳುತ್ತ, ನನ್ನ ಪೆನ್ನು ನೋಡುತ್ತ, ನಾನು ಬರೆದು ಮುಗಿಸುವವರೆಗೆ ಕಾದು, ಆಮೇಲೆ ಊಟಕ್ಕೇನು ಎಂದು ಕೇಳುತ್ತಿದ್ದ.

"ಅತ್ತಿಗೆ, ಬೈದುಬಿಡಿ," ಅಂದ ಹುಳು. "ಎರಡೇಟು ಹಾಕಿಬಿಡಿ."

"ಅತ್ತೆ ಕೇಳ್ತಿದಾರೆ," ಅಂದೆ. "ಪುಸ್ತಕದಲ್ಲಿ ಏನೂ ಇರಲಿಲ್ವಾ ಅಂತ. ನಾನು ಇದನ್ನ ಹೇಳಿದ್ರೆ, ಸತ್ತೋನ ತಲೆಗೆ ಕಟ್ತಿದಾಳೆ ಅಂತಾರೆ. ನೀವು ಬಂದು ಹೇಳಬೇಕು."

"ಅಮ್ಮಂಗಾ?" ಮುಖ ಬಿಳಿಚಿತು. "ಅಮ್ಮ ನನ್ನನ್ನ ಮಗ ಅಂತಾರೆ ಅತ್ತಿಗೆ. ಅವತ್ತು ನನ್ನ ಕೈ ಹಿಡ್ಕೊಂಡು ಕೂತಿದ್ರು."

"ಗೊತ್ತು."

"ಸ್ವಲ್ಪ ದಿನ ಹೋಗಲಿ."

"ಹದಿನೆಂಟು ದಿನಾನಾ?"

ಅವನು ತಲೆ ತಗ್ಗಿಸಿದ. "ಸಂಜೆ ಬರ್ತೀನಿ," ಅಂದ. "ಕೆಲಸ ಬಿಟ್ಟ ತಕ್ಷಣ."

"ಹದಿನೆಂಟು ದಿನದ ವಿಷಯಾನೂ ಹೇಳಬೇಕು. ಕಪ್ಪಿನ ವಿಷಯಾನೂ."

"ಹೇಳ್ತೀನಿ."

ಪಟ್ಟಿಯನ್ನು ಅವನ ಕಡೆ ಸರಿಸಿದೆ.

"ಇಟ್ಕೊಳ್ಳಿ ಅತ್ತಿಗೆ. ನಂಗೆ ಬೇಡ. ಅಣ್ಣನದು ಅಂತ ನಿಮ್ಮ ಹತ್ರಾನೇ ಇರಲಿ."

"ಅವನದಲ್ಲ. ನಿಮ್ಮದು. ಇಲ್ಲಿ ವಾಪಸ್ ತಗೊಳ್ಳೋ ಮುಂಚೆ ಏನು ಮಾಡ್ತೀರಿ?"

ಅವನಿಗೆ ಅರ್ಥವಾಯಿತು. ಅಲ್ಲಿಯ ರೂಢಿ ನನಗೂ ಗೊತ್ತಿತ್ತು, ಗಂಡ ನೂರು ಸಲ ಹೇಳಿದ್ದ. ಕೊಟ್ಟವನು ಪರೀಕ್ಷೆ ಮಾಡಬೇಕು, ಇಸ್ಕೊಂಡವನು ಎದುರಿಗೆ ನಿಲ್ಲಬೇಕು, ಕೊಟ್ಟವನು ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ಬಿಲ್ಲೆ.

ಅವನು ಅಂಗಿಯ ಎರಡು ಗುಂಡಿ ಬಿಚ್ಚಿದ. ಪಟ್ಟಿಯ ಒಳಭಾಗವನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು ಎದೆಗೆ ಒತ್ತಿ ಹಿಡಿದ. ಗಡಿಯಾರದಲ್ಲಿ ಮೊದಲು ಎರಡು ಗೆರೆ ಬಂದವು, ಆಮೇಲೆ ಅಂಕಿ. ನೂರ ಹನ್ನೆರಡು. ಅವನು ಕೂತೇ ಇದ್ದ. ನೂರ ಹದಿನೈದು. ನಾನು ಎದುರಿಗೆ ನಿಂತಿದ್ದೆ.

"ಸರಿಯಾಗಿದೆ," ಅಂದ.

"ಕೇಳಿಸಲಿಲ್ಲ."

"ಸರಿಯಾಗಿದೆ ಅತ್ತಿಗೆ."

ತನ್ನ ಲಾಕರಿನ ಮೊಳೆಯಿಂದ ಹದಿನೇಳನೇ ನಂಬರಿನ ಬಿಲ್ಲೆ ತೆಗೆದು ನನ್ನ ಅಂಗೈಗೆ ಹಾಕಿದ. ಪಟ್ಟಿಯನ್ನು ಸುತ್ತಿ, ಗಡಿಯಾರವನ್ನು ಅದರ ಮೇಲಿಟ್ಟು, ಲಾಕರಿನೊಳಗೆ ಇಟ್ಟ.